ಹಸುವಿನ ರಕ್ತನಾಳಕ್ಕೆ ಸುಣ್ಣ ಕಟ್ಟಿದಾಗ: ನಮ್ಮ ಬೇಲಿ ಕಲಿಸಿದ ಪಾಠ



ಪ್ರತಿ ತಿಂಗಳು ಈ ಜಾಗದಲ್ಲಿ ಕಾರ್ಯಕ್ರಮಗಳ ವರದಿ, ಚಂದಾ ಬಾಕಿ, ಶಾಲೆಗೆ ಕೊಟ್ಟ ಪುಸ್ತಕಗಳ ಪಟ್ಟಿ ಓದಿ ನಿಮಗೆ ಅಭ್ಯಾಸವಾಗಿದೆ. ಈ ಸಲ ದನಕರುಗಳ ವಿಷಯ ಬರೆಯುತ್ತಿದ್ದೇನೆ. ಕಾರಣವಿದೆ. ನಮ್ಮ ಸಂಘದ ಬೇಲಿಯಿಂದ ಒಂದು ಹಸುವಿಗೆ ತೊಂದರೆಯಾಗಿರುವ ಸಂಭವವಿದೆ. ಆ ಬೇಲಿ ಹಾಕಿಸಿದವನು ನಾನೇ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೊಸೂರಿನಲ್ಲಿರುವ ನಮ್ಮ ಸಂಘದ ಕಟ್ಟಡಕ್ಕೆ ಹಿಂಬದಿಯಲ್ಲಿ ಕಾಂಪೌಂಡ್ ಇರಲಿಲ್ಲ. ಗೋಡೆ ಕಟ್ಟಿಸಲು ಹಣ ಸಾಲದೆ, ನಾಲ್ಕು ವರ್ಷದ ಹಿಂದೆ ನರ್ಸರಿಯಿಂದ ಗಿಡ ತಂದು ಸಾಲಾಗಿ ನೆಡಿಸಿದೆವು. ಬೇಗ ಬೆಳೆಯಿತು, ಎಲೆ ಹೊಳೆಯುತ್ತಿತ್ತು, ಹಗಲು ಹೊತ್ತಿನಲ್ಲಿ ಸಣ್ಣ ಬಿಳಿ ಹೂವಿನ ಸುವಾಸನೆ. ಎಲ್ಲರೂ ಮೆಚ್ಚಿದರು. ಬೇಲಿಯ ಆಚೆ ಹಾಲು ಮಾರಿ ಸಂಸಾರ ನಡೆಸುವ ಹೆಣ್ಣುಮಗಳೊಬ್ಬರ ಕೊಟ್ಟಿಗೆ. ಮೊದಲ ಸಲ ಬೇಲಿ ಸವರಿದ ದಿನವೇ ಅವರು ಬಂದು, "ಅಣ್ಣಾ, ಸೊಪ್ಪು ಆಚೆ ಬಿಸಾಕಬೇಡಿ, ನಮ್ಮ ಹಸೂಗೆ ಆಗುತ್ತೆ" ಎಂದರು. ದಂಡವಾಗುವುದು ಒಬ್ಬರಿಗೆ ಉಪಯೋಗವಾದರೆ ಒಳ್ಳೆಯದೇ ಎಂದು ಒಪ್ಪಿದೆ. ಬೇಸಿಗೆಯಲ್ಲಿ ಹಸಿರು ಮೇವು ಸಿಗದಿದ್ದಾಗ ಅವರು ತಾವೇ ಮುರಿದುಕೊಳ್ಳುತ್ತಿದ್ದರು. ಬೇಲಿ ಪಕ್ಕದಲ್ಲೇ ಕಟ್ಟಿದ ಹಸುವೂ ಕತ್ತು ಚಾಚಿ ಮೇಯುತ್ತಿತ್ತು.

ಈ ಬೇಸಿಗೆಯಲ್ಲಿ ಆ ಹಸು ಬಡವಾಗುತ್ತಾ ಬಂತು. ಏಳುವಾಗ ತಡಕಾಡುತ್ತಿತ್ತು, ಕಾಲು ಮಡಿಸದೆ ಕೋಲಿನಂತೆ ಇಟ್ಟು ನಡೆಯುತ್ತಿತ್ತು. ವಾಯು ಎಂದರು ಒಬ್ಬರು, ವಯಸ್ಸಾಯಿತು ಎಂದರು ಇನ್ನೊಬ್ಬರು. ಕ್ಯಾಲ್ಸಿಯಂ ಕಮ್ಮಿ ಎಂದು ಯಾರೋ ಹೇಳಿದ ಮಾತು ಕೇಳಿ ಅಂಗಡಿಯಿಂದ ಬಾಟಲಿ ತಂದು ಕುಡಿಸಿದ್ದೂ ಆಯಿತು. ಕೊನೆಗೆ ಪಶುವೈದ್ಯರು ಬಂದು ರಕ್ತ ತೆಗೆದು ಕಳಿಸಿದರು. ಕ್ಯಾಲ್ಸಿಯಂ ಕಮ್ಮಿ ಇರಲಿಲ್ಲ. ಕ್ಯಾಲ್ಸಿಯಂ, ರಂಜಕ ಎರಡೂ ಮಿತಿ ಮೀರಿದ್ದವು. ಅವರು ಕೊಟ್ಟಿಗೆ ಸುತ್ತ ನೋಡಿ, ನಮ್ಮ ಬೇಲಿಯ ಹತ್ತಿರ ನಿಂತು ಒಂದು ಕಡ್ಡಿ ಮುರಿದುಕೊಂಡರು. "ಇದೇ ಕಾರಣ ಅಂತ ಈಗಲೇ ಬರೆದುಕೊಡೋಕೆ ಆಗಲ್ಲ. ಆದರೆ ಈ ಸೊಪ್ಪು ಇವತ್ತಿಂದ ನಿಲ್ಲಬೇಕು" ಎಂದರು.

ಆ ದಿನ ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಕ್ರಮವಾಗಿ ಕೆಳಗೆ ಬರೆದಿದ್ದೇನೆ. ನಾನು ವೈದ್ಯನಲ್ಲ, ನಿವೃತ್ತ ಗುಮಾಸ್ತ. ಆದರೆ ನಮ್ಮ ಸದಸ್ಯರಲ್ಲಿ ಕಾಸರಗೋಡು ಗಿಡ್ಡ ಸಾಕುವವರಿದ್ದಾರೆ, ಜತ್ತ, ಸೊಲ್ಲಾಪುರದ ಕಡೆ ಖಿಲಾರಿ ಕಟ್ಟಿದವರಿದ್ದಾರೆ, ಮಡಕಶಿರಾದಲ್ಲಿ ಕುರಿ ಮೇಯಿಸುವವರಿದ್ದಾರೆ. ತಿಳಿದಿದ್ದರೆ ಒಂದು ಜೀವ ಉಳಿದೀತು.

ರಕ್ತನಾಳ ಕೆಡುವುದು ಎಂದರೇನು?

ಹೃದಯದಿಂದ ರಕ್ತವನ್ನು ಮೈಗೆಲ್ಲ ಒಯ್ಯುವ ನಾಳಕ್ಕೆ ಅಪಧಮನಿ ಎನ್ನುತ್ತಾರೆ. ಅವುಗಳಲ್ಲಿ ದೊಡ್ಡದು, ಹೃದಯದಿಂದ ನೇರವಾಗಿ ಹೊರಡುವುದು ಮಹಾಪಧಮನಿ. ಇದು ಬರೀ ಕೊಳವೆಯಲ್ಲ. ಒಳಪದರ, ನಡುಪದರ, ಹೊರಪದರ ಎಂದು ಮೂರು ಪದರಗಳಿವೆ. ನಡುಪದರದಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳಿವೆ. ಹೃದಯ ಒತ್ತಿದಾಗ ನಾಳ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗಿ ರಕ್ತವನ್ನು ಮುಂದೆ ತಳ್ಳುತ್ತದೆ. ನಾವು ಕೈಯಿಟ್ಟು ನೋಡುವ ನಾಡಿ ಈ ಹಿಗ್ಗುವಿಕೆಯೇ.

ಮನುಷ್ಯರಿಗೆ ಬರುವ ರಕ್ತನಾಳದ ಕಾಯಿಲೆ ನಮಗೆಲ್ಲ ಗೊತ್ತು. ಒಳಪದರದಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ, ಎದೆನೋವು ಬರುತ್ತದೆ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಎಂಬ ವಿಜ್ಞಾನಿ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟರಾಲ್ ಕರಗಿಸಿ ತಿನ್ನಿಸಿ, ಅವುಗಳ ರಕ್ತನಾಳದಲ್ಲೂ ಹೀಗೇ ಕೊಬ್ಬು ಕೂರುವುದನ್ನು ತೋರಿಸಿದರು. ಸಾಕುಪ್ರಾಣಿಗಳಲ್ಲಿ ಇದು ಎಲ್ಲಕ್ಕೂ ಒಂದೇ ರೀತಿ ಬರುವುದಿಲ್ಲ. ವಯಸ್ಸಾದ ಹಂದಿಗೆ, ಕೋಳಿಗೆ, ಪಂಜರದಲ್ಲಿ ಬಹಳ ಕಾಲ ಬದುಕಿದ ಗಿಳಿಗೆ ಬರುತ್ತದೆ. ನಾಯಿಗೆ ಅಪರೂಪ. ಬಂದರೆ ಹೆಚ್ಚಾಗಿ ಥೈರಾಯ್ಡ್ ಕೊರತೆ ಅಥವಾ ಸಕ್ಕರೆ ಕಾಯಿಲೆಯ ಜೊತೆಗೆ ಬರುತ್ತದೆ.

ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಕೊಬ್ಬಿನ ಈ ಕಾಯಿಲೆ ತೀರಾ ಕಮ್ಮಿ. ಅವಕ್ಕೆ ಬರುವುದು ಬೇರೆ. ನಾಳದ ಎಳೆಗಳು ಸವೆದು ಆ ಜಾಗದಲ್ಲಿ ಸುಣ್ಣ ಕಟ್ಟುತ್ತದೆ. ಹಿಗ್ಗಬೇಕಾದ ನಾಳ ಗಟ್ಟಿ ಕೊಳವೆಯಾಗುತ್ತದೆ. ಒಳಗೆ ಕೈಯಾಡಿಸಿದರೆ ಮೊಟ್ಟೆಯ ಚಿಪ್ಪಿನ ಚೂರುಗಳನ್ನು ಅಂಟಿಸಿದ ಹಾಗೆ ಒರಟಾಗಿರುತ್ತದೆ. ಹೃದಯದ ಕವಾಟ, ಶ್ವಾಸಕೋಶ, ಮೂತ್ರಪಿಂಡ, ಕಾಲಿನ ಸ್ನಾಯುರಜ್ಜುಗಳಲ್ಲೂ ಅದೇ ಸುಣ್ಣ ಕೂರಬಹುದು. ಹಸು ಕೋಲುಕಾಲಿನಲ್ಲಿ ನಡೆಯುವುದೂ ಅದಕ್ಕೇ, ನಾಲ್ಕು ಹೆಜ್ಜೆಗೆ ಏದುವುದೂ ಅದಕ್ಕೇ.

ಸೊಪ್ಪಿನಿಂದ ಸುಣ್ಣ ಹೇಗೆ?

ಇಲ್ಲಿ ನಾನು ಕಚೇರಿಯ ಉದಾಹರಣೆ ಕೊಟ್ಟರೆ ಕ್ಷಮಿಸಬೇಕು. ಮೇವಿನಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಬರಲು ವಿಟಮಿನ್ ಡಿ ಬೇಕು. ಬಿಸಿಲಿನಿಂದ ಚರ್ಮದಲ್ಲಿ ಆಗುವ ಅಥವಾ ಆಹಾರದಿಂದ ಬರುವ ವಿಟಮಿನ್ ಡಿ ಹಾಗೇ ಕೆಲಸ ಮಾಡುವುದಿಲ್ಲ. ಮೊದಲು ಯಕೃತ್ತಿನಲ್ಲಿ ಒಂದು ಬದಲಾವಣೆ, ಆಮೇಲೆ ಮೂತ್ರಪಿಂಡದಲ್ಲಿ ಇನ್ನೊಂದು ಬದಲಾವಣೆ ಆಗಬೇಕು. ಕೊನೆಯ ಸಹಿ ಮೂತ್ರಪಿಂಡದ್ದು. ದೇಹಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ಅದು ಸಹಿ ಹಾಕುತ್ತದೆ, ಸಾಕಾದರೆ ಕಡತ ತಡೆಹಿಡಿಯುತ್ತದೆ.

ಕೆಲವು ಗಿಡಗಳ ಎಲೆಯಲ್ಲಿ ಈ ಎರಡು ಬದಲಾವಣೆಯೂ ಮುಗಿದ, ಪೂರ್ತಿ ಸಿದ್ಧವಾದ ವಿಟಮಿನ್ ಡಿ, ಸಕ್ಕರೆ ಅಂಶಕ್ಕೆ ಅಂಟಿಕೊಂಡು ಇರುತ್ತದೆ. ದನದ ಹೊಟ್ಟೆಯಲ್ಲಿ ಸಕ್ಕರೆ ಬಿಡಿಸಿಕೊಂಡರೆ ಸಾಕು, ಅದು ನೇರ ಕೆಲಸಕ್ಕೆ ಇಳಿಯುತ್ತದೆ. ಸಹಿ ಮೊದಲೇ ಬಿದ್ದ ಕಾಗದ ಅದು, ತಡೆಯುವ ಅಧಿಕಾರಿ ಇಲ್ಲ. ಕರುಳು ಕ್ಯಾಲ್ಸಿಯಂ, ರಂಜಕ ಎರಡನ್ನೂ ಮಿತಿಯಿಲ್ಲದೆ ಎಳೆದುಕೊಳ್ಳುತ್ತದೆ. ಹೆಚ್ಚಾದದ್ದು ಮೆತ್ತನೆಯ ಅಂಗಗಳಲ್ಲಿ ಸುಣ್ಣವಾಗಿ ಕೂರುತ್ತದೆ. ಮೊದಲು ಸಿಕ್ಕಿಬೀಳುವ ಅಂಗಗಳಲ್ಲಿ ರಕ್ತನಾಳವೂ ಒಂದು.

ಎಲ್ಲೆಲ್ಲಿ ಕಂಡಿದೆ?

ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯದ ತಗ್ಗು ಹುಲ್ಲುಗಾವಲುಗಳಲ್ಲಿ ಇದು ಬಹಳ ಹಳೆಯ ಪಿಡುಗು. ಅಲ್ಲಿನವರು ಇದನ್ನು ಎಂತೆಕೆ ಸೆಕೊ ಎನ್ನುತ್ತಾರೆ. ಕಾರಣ ಬದನೆ ಜಾತಿಗೆ ಸೇರಿದ ಸೋಲಾನಮ್ ಗ್ಲಾಕೊಫಿಲಮ್ ಎಂಬ ಗಿಡ. ಹಸಿ ಗಿಡವನ್ನು ದನ ಅಷ್ಟಾಗಿ ಮುಟ್ಟುವುದಿಲ್ಲ. ಒಣಗಿ ಉದುರಿದ ಎಲೆ ಹುಲ್ಲಿನ ಜೊತೆ ಬಾಯಿಗೆ ಹೋಗುತ್ತದೆ. ಅಂದರೆ ಒಣಗಿಸಿದರೆ ವಿಷ ಹೋಗುತ್ತದೆ ಎಂದು ನಂಬುವಂತಿಲ್ಲ.

ಜರ್ಮನಿಯ ಬವೇರಿಯಾ ಮತ್ತು ಆಸ್ಟ್ರಿಯಾದ ಬೆಟ್ಟದ ಸೀಮೆಯಲ್ಲಿ ಟ್ರೈಸೀಟಮ್ ಫ್ಲಾವೆಸೆನ್ಸ್ ಎಂಬ ಹುಲ್ಲು ಇದೇ ಕೆಲಸ ಮಾಡಿತು. ವಿಚಿತ್ರವೆಂದರೆ ಅದು ಒಳ್ಳೆಯ ಮೇವು ಎಂದು ಹೆಸರಾಗಿದ್ದ ಹುಲ್ಲು.

ಅಮೆರಿಕದ ಫ್ಲಾರಿಡಾದಲ್ಲಿ ಕುದುರೆಗಳು ಕುಂಟುತ್ತಾ ಬಡವಾಗುತ್ತಿದ್ದವು. ಕಾರ್ನೆಲ್ ವಿಶ್ವವಿದ್ಯಾಲಯದ ಲೆನಾರ್ಟ್ ಕ್ರೂಕ್, ರಾಬರ್ಟ್ ವಾಸರ್ಮನ್ ಮತ್ತು ಜೊತೆಗಾರರು 1975ರಲ್ಲಿ ಕಾರಣವನ್ನು ಪ್ರಕಟಿಸಿದರು. ಅದು ಸೆಸ್ಟ್ರಮ್ ಡೈಯರ್ನಮ್ ಎಂಬ ಅಲಂಕಾರದ ಗಿಡ. ವೆಸ್ಟ್ ಇಂಡೀಸ್ ಮೂಲದ್ದು, ಚಂದಕ್ಕೂ ಬೇಲಿಗೂ ತಂದು ನೆಟ್ಟದ್ದು. ನಮ್ಮ ದೇಶದಲ್ಲೂ ತೋಟಗಳಲ್ಲಿ, ಬೇಲಿಗಳಲ್ಲಿ ಬಹಳ ಕಾಲದಿಂದ ಇದೆ. ಹಿಂದಿಯಲ್ಲಿ ದಿನ್ ಕಾ ರಾಜಾ ಎನ್ನುತ್ತಾರೆ. ನಮ್ಮ ಸಂಘದ ಬೇಲಿಯಲ್ಲಿದ್ದದ್ದು ಇದೇ ಎಂದು ವೈದ್ಯರು ಗುರುತಿಸಿದರು.

ಪಂಜಾಬಿನ ಕುರಿಗಳಲ್ಲಿ ಹೀಗೆ ಸುಣ್ಣ ಕಟ್ಟುವ ಕಾಯಿಲೆ 1970ರ ದಶಕದಲ್ಲೇ ವರದಿಯಾಗಿದೆ. ಆದ್ದರಿಂದ ಇದು ದೂರದ ದೇಶದ ಸುದ್ದಿ ಮಾತ್ರವಲ್ಲ.

ಗಿಡದ ಗುರುತು

ಆಳೆತ್ತರ ಅಥವಾ ಅದಕ್ಕಿಂತ ಎತ್ತರ ಬೆಳೆಯುವ ಪೊದೆ. ಎಲೆ ನುಣುಪು, ಮೇಲೆ ಕಡು ಹಸಿರು, ಕೆಳಗೆ ತಿಳಿ ಹಸಿರು. ಗೊಂಚಲು ಗೊಂಚಲಾಗಿ ಸಣ್ಣ ಕೊಳವೆಯಂಥ ಬಿಳಿ ಹೂವು, ಹಗಲಿನಲ್ಲಿ ಸುವಾಸನೆ. ಕಾಯಿ ಮೊದಲು ಹಸಿರು, ಹಣ್ಣಾದಾಗ ಹೊಳೆಯುವ ಕಪ್ಪು. ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಲ್ಲೋ ಹಾಕುವುದರಿಂದ ನೆಡದ ಜಾಗದಲ್ಲೂ ಹುಟ್ಟುತ್ತದೆ. ನಮಗೆಲ್ಲ ಗೊತ್ತಿರುವ ರಾತ್ರಿರಾಣಿ ಇದರ ದಾಯಾದಿ. ಅದರ ಹೂವು ಹಸಿರು ಛಾಯೆಯದು, ರಾತ್ರಿ ಘಮಘಮ, ಹಣ್ಣು ಬಿಳಿ. ಅದೂ ದನಕ್ಕೆ ಹಾಕುವ ಸೊಪ್ಪಲ್ಲ.

ಬೇರೆ ಕಾರಣಗಳೂ ಇವೆ

ರಕ್ತನಾಳ ಕೆಟ್ಟಿದ್ದಕ್ಕೆಲ್ಲ ಗಿಡವೇ ಕಾರಣ ಎಂದು ತಿಳಿಯಬಾರದು.

ಒಂದು, ಸೂಜಿ. ಕರು ಹಾಕುವ ಮುಂಚೆ ಹಾಲುಜ್ವರ ಬರದಿರಲೆಂದು ವಿಟಮಿನ್ ಡಿ ಇಂಜೆಕ್ಷನ್ ಕೊಡುವುದುಂಟು. ವೈದ್ಯರು ಅಳತೆ ನೋಡಿ ಕೊಟ್ಟರೆ ಔಷಧಿ. ಕೇಳಿದವರ ಮಾತಿನ ಮೇಲೆ ಮತ್ತೆ ಮತ್ತೆ ಕೊಟ್ಟರೆ ಅದೇ ಸುಣ್ಣ, ಅದೇ ರಕ್ತನಾಳ.

ಎರಡು, ಜೋನ್ಸ್ ಕಾಯಿಲೆ. ಕರುವಾಗಿದ್ದಾಗ ಅಂಟಿ, ವರ್ಷಗಳ ನಂತರ ಬಿಡದ ಭೇದಿಯಾಗಿ, ತಿಂದರೂ ಸೊರಗುವ ಕಾಯಿಲೆ ಇದು. ಬಹಳ ಮುಂದುವರಿದ ದನಗಳ ಮಹಾಪಧಮನಿಯಲ್ಲೂ ಸುಣ್ಣದ ಪಟ್ಟಿಗಳು ಸಿಗುತ್ತವೆ. ಇದು ಅಂಟುವ ಕಾಯಿಲೆಯಾದ್ದರಿಂದ ಯಾವುದು ಎಂದು ತಿಳಿಯುವುದು ಮುಖ್ಯ.

ಮೂರು, ಹುಳು. ನಮ್ಮ ದೇಶದ ದನ, ಎಮ್ಮೆ, ಮೇಕೆಗಳ ಮಹಾಪಧಮನಿಯ ಗೋಡೆಯಲ್ಲಿ ದಾರದಂಥ ಹುಳು ಸುರಂಗ ಮಾಡಿಕೊಂಡು ವಾಸಿಸುವುದುಂಟು. ಹುಳು ಸತ್ತ ಜಾಗದಲ್ಲಿ ಗಂಟು ಕಟ್ಟಿ ಸುಣ್ಣವಾಗುತ್ತದೆ. ಸಾಮಾನ್ಯವಾಗಿ ದನ ಬದುಕಿದ್ದಾಗ ಹೊರಗೆ ಏನೂ ಕಾಣಿಸುವುದಿಲ್ಲ. ನಾಯಿಗಳಲ್ಲಿ ಹೀಗಲ್ಲ. ಸಗಣಿಯ ದುಂಬಿಯನ್ನೋ, ಆ ದುಂಬಿ ತಿಂದ ಹಲ್ಲಿಯನ್ನೋ ನಾಯಿ ತಿಂದರೆ ಸ್ಪೈರೊಸರ್ಕ ಎಂಬ ಹುಳು ಮಹಾಪಧಮನಿಯಲ್ಲಿ ಕೆಲವು ತಿಂಗಳು ಕಳೆದು ಅನ್ನನಾಳಕ್ಕೆ ಹೋಗುತ್ತದೆ. ಅದು ಹಾದುಹೋದ ಜಾಗ ತೆಳುವಾಗಿ ಬಲೂನಿನಂತೆ ಉಬ್ಬಿ, ಕೆಲವೊಮ್ಮೆ ಒಡೆಯುತ್ತದೆ. ನಿನ್ನೆ ಓಡಾಡುತ್ತಿದ್ದ ನಾಯಿ ಇವತ್ತು ಇದ್ದಕ್ಕಿದ್ದಂತೆ ಸತ್ತರೆ ಎಲ್ಲವೂ ವಿಷ ಹಾಕಿದ್ದೇ ಇರಬೇಕಿಲ್ಲ. ಅಕ್ಕಪಕ್ಕದವರ ಮೇಲೆ ಜಗಳಕ್ಕೆ ಹೋಗುವ ಮುಂಚೆ ಇದನ್ನೂ ಯೋಚಿಸಬೇಕು.

ಯಾವ ಲಕ್ಷಣ ಕಂಡರೆ ಅನುಮಾನ ಪಡಬೇಕು?

1. ಮೇವು ತಿನ್ನುತ್ತಿದ್ದರೂ ವಾರದಿಂದ ವಾರಕ್ಕೆ ಸೊರಗುವುದು, ಕೂದಲು ಒರಟಾಗುವುದು, ಹಾಲು ಇಳಿಯುವುದು.

2. ಮಲಗಿದ್ದು ಎದ್ದಾಗ ಕಾಲು ಬಿಗಿದುಕೊಂಡು, ಗೊರಸಿನ ತುದಿಯ ಮೇಲೆ ನಡೆಯುವುದು. ಬೆನ್ನು ಬಿಲ್ಲಿನಂತೆ ಬಾಗುವುದು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಲ್ಲುವುದು.

3. ಮುಂಗಾಲು ಮಂಡಿಯೂರಿ ಮೇಯುವುದು.

4. ಸ್ವಲ್ಪ ನಡೆದರೂ ಏದುವುದು.

5. ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣು ಇಲ್ಲದಿರುವುದು. ಹುಣ್ಣಿದ್ದರೆ ಕಾಲುಬಾಯಿ ರೋಗವನ್ನು ಮೊದಲು ನೋಡಬೇಕು.

ಬಾಲದ ಬುಡದಲ್ಲಿ, ಕೆಳಬದಿಯ ನಡುವೆ ಬೆರಳಿಟ್ಟರೆ ಹಸುವಿನ ನಾಡಿ ಸಿಗುತ್ತದೆ. ದೊಡ್ಡ ಹಸುವಿಗೆ ಸುಮ್ಮನೆ ನಿಂತಾಗ ನಿಮಿಷಕ್ಕೆ ಸುಮಾರು 50ರಿಂದ 80. ನಾಡಿ ಎಣಿಸಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ. ಕಾಯಿಲೆ ಯಾವುದು ಎಂದು ತೀರ್ಮಾನಿಸುವುದು ಅವರ ಕೆಲಸ. ರಕ್ತದ ಪರೀಕ್ಷೆ ಮಾಡಿಸಲು ಹಿಂದೆಗೆಯಬೇಡಿ.

ಏನು ಮಾಡಬೇಕು, ಏನು ಮಾಡಬಾರದು?

ಮೊದಲನೆಯದಾಗಿ, ಅನುಮಾನದ ಸೊಪ್ಪನ್ನು ಆ ಹೊತ್ತಿಗೇ ನಿಲ್ಲಿಸಿ. ಜೊತೆಯಲ್ಲಿ ಮೇದ ಬೇರೆ ದನಗಳಿಗೂ ನಿಲ್ಲಿಸಿ. ಇವತ್ತು ಕುಂಟದಿರುವ ಹಸು ನಾಳೆ ಕುಂಟಬಹುದು.

ಎರಡನೆಯದಾಗಿ, ವೈದ್ಯರು ಹೇಳದೆ ಕ್ಯಾಲ್ಸಿಯಂ ಬಾಟಲಿ, ವಿಟಮಿನ್ ಡಿ ಸೂಜಿ, ಖನಿಜ ಮಿಶ್ರಣ ಯಾವುದನ್ನೂ ಕೊಡಬೇಡಿ. ನಮ್ಮ ಕಡೆ ಹಸು ಕುಂಟಿದರೆ ಮೊದಲು ನೆನಪಾಗುವುದೇ ಕ್ಯಾಲ್ಸಿಯಂ. ಹಾಲುಜ್ವರದಲ್ಲಿ ಅದು ಪ್ರಾಣ ಉಳಿಸುತ್ತದೆ, ನಿಜ. ಈ ಕಾಯಿಲೆಯಲ್ಲಿ ಅದು ಉರಿಯುವ ಬೆಂಕಿಗೆ ಸೌದೆ. ಎರಡೂ ಕಾಯಿಲೆಯಲ್ಲಿ ಹಸು ಏಳಲು ಕಷ್ಟಪಡುತ್ತದೆ. ವ್ಯತ್ಯಾಸ ಹೇಳುವುದು ರಕ್ತ ಪರೀಕ್ಷೆ. ಹಾಲುಜ್ವರ ಕರು ಹಾಕಿದ ಸುಮಾರಿಗೆ ಒಂದೆರಡು ದಿನದಲ್ಲೇ ಬೀಳಿಸುತ್ತದೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ.

ಮೂರನೆಯದಾಗಿ, ಆಸೆ ಇಟ್ಟುಕೊಳ್ಳಿ, ಆದರೆ ಪವಾಡ ಕಾಯಬೇಡಿ. ಕಟ್ಟಿದ ಸುಣ್ಣವನ್ನು ಕರಗಿಸುವ ಔಷಧಿ ಇಲ್ಲ. ಬೇಗ ನಿಲ್ಲಿಸಿದರೆ ಹಸು ಚೇತರಿಸಿಕೊಳ್ಳಬಹುದು. ಹೃದಯ, ಶ್ವಾಸಕೋಶದವರೆಗೆ ಹೋಗಿದ್ದರೆ ಕಷ್ಟ. ಆದ್ದರಿಂದಲೇ ಬೇಗ ಗುರುತಿಸುವುದು ಮುಖ್ಯ. ಹಾಲಿನ ಬಳಕೆ ಬಗ್ಗೆಯೂ ವೈದ್ಯರನ್ನೇ ಕೇಳಿ ನಡೆದುಕೊಳ್ಳಿ.

ಗಡಿಯಲ್ಲಿರುವ ನಮಗೊಂದು ಮಾತು

ನಮ್ಮ ಮನೆಯಲ್ಲಿ ಕನ್ನಡ, ಪಶು ಆಸ್ಪತ್ರೆಯಲ್ಲಿ ತಮಿಳೋ ತೆಲುಗೋ ಮರಾಠಿಯೋ ಮಲಯಾಳವೋ. ಮಾತಾಡುವುದು ಕಷ್ಟವಲ್ಲ, ಆ ಭಾಷೆಗಳಲ್ಲಿ ವ್ಯವಹಾರ ಮಾಡಿಕೊಂಡೇ ಬೆಳೆದವರು ನಾವು. ಆದರೆ ಗಿಡದ ಹೆಸರು ಊರಿಗೊಂದು. ಹಾಲಿನವರು ನಮ್ಮ ಬೇಲಿ ಗಿಡವನ್ನು ಮಲ್ಲಿಗೆ ಸೊಪ್ಪು ಎಂದೇ ಕರೆಯುತ್ತಿದ್ದರು. ಹಾಗೆಂದು ಹೇಳಿದ್ದರೆ ಯಾವ ವೈದ್ಯರೂ ಅನುಮಾನ ಪಡುತ್ತಿರಲಿಲ್ಲ. ಮಲ್ಲಿಗೆಗೂ ಇದಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಹೆಸರು ಹೇಳಬೇಡಿ, ಗಿಡ ತೋರಿಸಿ. ಎಲೆ, ಹೂವು, ಕಾಯಿ ಮೂರೂ ಇರುವ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ. ಕಳೆದ ಮೂರು ತಿಂಗಳಲ್ಲಿ ಏನೇನು ಮೇವು, ಯಾವ ಯಾವ ಸೂಜಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನ ಇರುವ ಕಡೆ 1962ಕ್ಕೆ ಕರೆ ಮಾಡಬಹುದು. ಗಡಿಯ ಈಚೆಗೂ ಆಚೆಗೂ ಅದೇ ಸಂಖ್ಯೆ.

ಕೊನೆಯದಾಗಿ

ಆ ಹಸು ಬದುಕಿದೆ. ಸೊಪ್ಪು ನಿಲ್ಲಿಸಿದ ಮೇಲೆ ಸ್ವಲ್ಪ ಮೈ ಹತ್ತಿದೆ, ಆದರೆ ಬೆಳಿಗ್ಗೆ ಏಳುವಾಗ ಇನ್ನೂ ಕಾಲು ಬಿಗಿಯುತ್ತದೆ. ಹಾಲು ಮೊದಲಿನಷ್ಟಿಲ್ಲ. ನಾನು ಅವರ ಮನೆಗೆ ಹೋಗಿ, "ತಪ್ಪಾಯಿತಮ್ಮ, ಗೊತ್ತಿರಲಿಲ್ಲ" ಎಂದೆ. "ನೀವೇನು ಬೇಕು ಅಂತ ಹಾಕಿದ್ರಾ ಅಣ್ಣಾ, ಕೇಳಿದೋಳು ನಾನೇ ಅಲ್ವಾ" ಎಂದು ಕಾಫಿ ಕೊಟ್ಟರು. ಆ ಕಾಫಿ ಕುಡಿಯುವುದು ನನಗೆ ಸುಲಭವಾಗಲಿಲ್ಲ. ಅದು ಪಕ್ಕದ ಮನೆಯ ಹಾಲಿನ ಕಾಫಿ. ಅವರ ಕೊಟ್ಟಿಗೆಯಲ್ಲಿದ್ದದ್ದು ಅದೊಂದೇ ಹಸು.

ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಮಂಡಿಸಿದೆ. ಬೇಲಿಯನ್ನು ಬೇರುಸಹಿತ ಕೀಳಿಸುವುದು, ಕಿತ್ತದ್ದನ್ನು ದನ ಹೋಗದ ಜಾಗದಲ್ಲಿ ಹೂಳುವುದು, ಹಣ ಸೇರುವವರೆಗೆ ತಂತಿ ಬೇಲಿ ಹಾಕುವುದು ಎಂದು ಒಮ್ಮತದಿಂದ ತೀರ್ಮಾನವಾಗಿದೆ. ಹಾಲಿನವರಿಗೆ ವೈದ್ಯರ ಮತ್ತು ಪರೀಕ್ಷೆಯ ಖರ್ಚನ್ನು ಸಂಘದಿಂದ ಕೊಡಬೇಕೆಂಬ ನನ್ನ ಸೂಚನೆಯನ್ನು ಮುಂದಿನ ಸರ್ವಸದಸ್ಯರ ಸಭೆಗೆ ಇಟ್ಟಿದೆ. ದಯವಿಟ್ಟು ಎಲ್ಲರೂ ಬಂದು ಅಭಿಪ್ರಾಯ ತಿಳಿಸಬೇಕು.

ಅಷ್ಟರೊಳಗೆ ನಿಮ್ಮ ಊರಿನ ಶಾಲೆ, ದೇವಸ್ಥಾನ, ಸಂಘದ ಕಟ್ಟಡದ ಸುತ್ತ ಯಾವ ಬೇಲಿ ಇದೆ, ಅದರ ಸೊಪ್ಪು ಯಾರ ಕೊಟ್ಟಿಗೆಗೆ ಹೋಗುತ್ತಿದೆ ಎಂದು ಒಮ್ಮೆ ನೋಡಿ. ಈ ಬರಹವನ್ನು ದನ ಸಾಕುವ ನಾಲ್ಕು ಮನೆಯವರಿಗೆ ಓದಿ ಹೇಳಿ. ಅಷ್ಟಾದರೆ ನಮ್ಮ ಬೇಲಿಯಿಂದ ಆದ ನಷ್ಟಕ್ಕೆ ಸ್ವಲ್ಪ ಪರಿಹಾರ ಸಿಕ್ಕಂತೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ